ಅಥ್ಲೆಟಿಕ್ಸ್‌ನ ಒಡೆಯರು, ಅವರು ಬಿಟ್ಟುಹೋದ ಊರುಗಳು

(ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಕೇಳಿಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓಕ್‌ಲ್ಯಾಂಡ್‌ನ ಕೊಲಿಸಿಯಂ ಕ್ರೀಡಾಂಗಣಕ್ಕೆ ಬಾರ್ಟ್ ರೈಲಿನಲ್ಲಿ ಹೋದವರಿಗೆ ಅಲ್ಲಿಯ ಕಾಲ್ಸೇತುವೆ ನೆನಪಿರುತ್ತದೆ. ಎರಡೂ ಬದಿಗೆ ತಂತಿಬಲೆ, ಕೆಳಗೆ ಗೂಡ್ಸ್ ರೈಲಿನ ಹಳಿ, ಗೋದಾಮುಗಳ ಹಿತ್ತಿಲು. ಆಟವಿದ್ದ ದಿನ ಸೇತುವೆಯ ಉದ್ದಕ್ಕೂ ನೀರಿನ ಬಾಟಲಿ, ಹುರಿದ ಕಡಲೆಕಾಯಿ, ಹಸಿರು ಟೋಪಿ ಮಾರುವವರು ಸಾಲಾಗಿ ಕೂತಿರುತ್ತಿದ್ದರು. ನಾನು ಆ ಸೇತುವೆಯನ್ನು ಕೊನೆಯ ಸಲ ದಾಟಿದ್ದು 2024ರ ಸೆಪ್ಟೆಂಬರ್ 26ರಂದು, ಗುರುವಾರ ಮಧ್ಯಾಹ್ನ. ಅಂದು ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ಓಕ್‌ಲ್ಯಾಂಡ್‌ನಲ್ಲಿ ತನ್ನ ಕಟ್ಟಕಡೆಯ ಆಟ ಆಡಿ, ಟೆಕ್ಸಸ್ ರೇಂಜರ್ಸ್ ವಿರುದ್ಧ 3-2ರಿಂದ ಗೆದ್ದಿತು. ನೋಡಲು ಬಂದವರು 46,889 ಮಂದಿ. ಆಟ ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೆಳಗಿಳಿದು ಹೋಗಿ, ಕಟಕಟೆಯ ಮೇಲಿಂದ ಬಗ್ಗಿ ಕಾಗದದ ಲೋಟ ಚಾಚಿದರು. ಮೈದಾನದ ಸಿಬ್ಬಂದಿಯೊಬ್ಬ ಅದಕ್ಕೆ ಒಂದು ಹಿಡಿ ಮಣ್ಣು ಹಾಕಿದ. ಅವರು ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಊರು ಬಿಟ್ಟು ಹೊರಟದ್ದು ತಂಡ. ಮಣ್ಣು ಕಟ್ಟಿಕೊಂಡು ಹೋದವರು ಊರಲ್ಲೇ ಉಳಿಯುವವರು.

ಆ ತಂಡ ಯಾರದು? ಈ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಕಾಗದಪತ್ರದಲ್ಲಿ ಉತ್ತರ ಸುಲಭವಾಗಿ ಸಿಗುತ್ತದೆ. 1901ರಲ್ಲಿ ಹುಟ್ಟಿದ ಈ ತಂಡ ಫಿಲಡೆಲ್ಫಿಯಾ, ಕಾನ್ಸಸ್ ಸಿಟಿ, ಓಕ್‌ಲ್ಯಾಂಡ್ ಎಂಬ ಮೂರು ಊರುಗಳಲ್ಲಿ ಬಾಳಿ, ಈಗ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಬಿಡಾರ ಹೂಡಿದೆ. ಮುಂದೆ ಲಾಸ್ ವೇಗಸ್‌ಗೆ ಹೋಗಲಿದೆ. ಪ್ರತಿ ಗುಳೆಯ ಹಿಂದೆಯೂ ಒಬ್ಬ ಒಡೆಯನ ಹೆಸರು, ಒಂದು ಕ್ರಯಪತ್ರ ಇದೆ. ಅವರೆಲ್ಲರ ಚರಿತ್ರೆ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು: ತಂಡದ ಒಡೆಯನನ್ನು ಅವನು ಗೆದ್ದ ಪ್ರಶಸ್ತಿಗಳಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಬಿಟ್ಟುಹೋಗುವಾಗ ಅವನು ಹೇಗೆ ಬಿಟ್ಟುಹೋದ ಎಂಬುದನ್ನು ನೋಡಬೇಕು. ಆ ಕಣ್ಣಿನಿಂದಲೇ ಇವತ್ತು ಈ ಕಥೆಯನ್ನು ಹೇಳುತ್ತೇನೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಲ್ಲಿ ಮ್ಯಾನೇಜರ್ ಎಂದರೆ ಮೈದಾನದ ಪಕ್ಕದಲ್ಲಿ ಕೂತು ಆಟ ನಡೆಸುವವನು. ಕ್ರಿಕೆಟ್‌ನ ಕೋಚ್ ಮತ್ತು ನಾಯಕ ಒಬ್ಬನೇ ಆದ ಹಾಗೆ. ಜನರಲ್ ಮ್ಯಾನೇಜರ್ ಎಂದರೆ ಕಚೇರಿಯಲ್ಲಿ ಕೂತು ಆಟಗಾರರನ್ನು ಕೊಳ್ಳುವ, ಬಿಡುವ ಕೆಲಸ ಮಾಡುವವನು. ಇಬ್ಬರ ಮೇಲೂ ಹಣ ಹಾಕಿದ ಮಾಲೀಕ. ಈ ಮೂರೂ ಕೆಲಸಗಳನ್ನು ಹಲವು ವರ್ಷ ಒಬ್ಬನೇ ಮನುಷ್ಯ ಹೊತ್ತ ತಂಡ ಅಥ್ಲೆಟಿಕ್ಸ್. ಅವರ ಹೆಸರು ಕಾನಿ ಮ್ಯಾಕ್.

ಹುಟ್ಟು ಹೆಸರು ಕಾರ್ನೀಲಿಯಸ್ ಮೆಕ್‌ಗಿಲಿಕಡಿ. 1862ರಲ್ಲಿ ಮ್ಯಾಸಚೂಸೆಟ್ಸ್‌ನ ಈಸ್ಟ್ ಬ್ರೂಕ್‌ಫೀಲ್ಡ್‌ನಲ್ಲಿ, ಐರ್ಲೆಂಡ್‌ನಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದವರು. ಕ್ಯಾಚರ್ (ಕ್ರಿಕೆಟ್‌ನ ವಿಕೆಟ್ ಕೀಪರ್ ಇದ್ದ ಹಾಗೆ) ಆಗಿ ಆಡಿ, ಪಿಟ್ಸ್‌ಬರ್ಗ್‌ನಲ್ಲಿ ಮ್ಯಾನೇಜರ್ ಆಗಿ, 1901ರಲ್ಲಿ ಹೊಸದಾಗಿ ತಲೆಯೆತ್ತಿದ ಅಮೆರಿಕನ್ ಲೀಗ್‌ನ ಫಿಲಡೆಲ್ಫಿಯಾ ತಂಡ ಕಟ್ಟಲು ಬಂದರು. ಆ ತಂಡದ ಅರ್ಧ ಪಾಲು ಬೆನ್ ಶೈಬ್ ಅವರದು. ಆತ ಬೇಸ್‌ಬಾಲ್ ಚೆಂಡು ತಯಾರಿಸುವ ಕಂಪನಿಯ ಪಾಲುದಾರ. ಕಾಲು ಪಾಲು ಮ್ಯಾಕ್ ಅವರದು. ಉಳಿದ ಕಾಲು ಪಾಲು ಯಾರದೆಂದು ಊಹಿಸಿ: ಊರಿನ ಇಬ್ಬರು ಕ್ರೀಡಾ ಪತ್ರಕರ್ತರದು! ತಾವು ವರದಿ ಮಾಡುವ ತಂಡದಲ್ಲೇ ಅವರಿಗೆ ಪಾಲು. ಹನ್ನೊಂದು ಹನ್ನೆರಡು ವರ್ಷಗಳ ಮೇಲೆ ಶೈಬ್ ಸಾಲ ಕೊಟ್ಟು, ಆ ಪಾಲನ್ನೂ ಮ್ಯಾಕ್ ಕೊಳ್ಳುವಂತೆ ಮಾಡಿದರು. ಅಲ್ಲಿಗೆ ಇಬ್ಬರೂ ಸಮಪಾಲಿನ ಒಡೆಯರಾದರು. ವ್ಯವಹಾರ ಶೈಬ್ ಮನೆತನದ್ದು, ಆಟ ಮ್ಯಾಕ್ ಅವರದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕಲಿಲ್ಲ.

ಮೊದಮೊದಲಿಗೆ ಈ ತಂಡಕ್ಕೆ ಸಿಕ್ಕಿದ್ದು ಹೀಯಾಳಿಕೆ. ಶೈಬ್ ಅವರ ಕೈಗೆ ಬಿಳಿ ಆನೆಯೊಂದು ಗಂಟುಬಿದ್ದಿದೆ ಎಂದು 1902ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಆಡಿಕೊಂಡರು. ಮ್ಯಾಕ್ ಆ ಬಿಳಿ ಆನೆಯನ್ನೇ ತಂಡದ ಲಾಂಛನ ಮಾಡಿಕೊಂಡರು. ಅದೇ ವರ್ಷ ಲೀಗ್ ಗೆದ್ದರು. 1905ರಲ್ಲಿ, ಎರಡು ಲೀಗ್‌ಗಳ ವಿಜೇತರ ನಡುವಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಅದೇ ಮೆಕ್‌ಗ್ರಾ ಎದುರಾದಾಗ ಆತನ ಕೈಗೆ ಒಂದು ಆಟಿಕೆಯ ಬಿಳಿ ಆನೆ ಇಟ್ಟರು. ಆ ಆನೆ ಊರೂರು ಸುತ್ತಿ ಇವತ್ತಿಗೂ ತಂಡದ ತೋಳಿನ ಮೇಲೆ ಉಳಿದಿದೆ.

ಮ್ಯಾಕ್ ಮ್ಯಾನೇಜರ್ ಆಗಿದ್ದದ್ದು ಸತತ 50 ಋತು. ತಂಡದ ಸಮವಸ್ತ್ರ ತೊಟ್ಟವರಲ್ಲ. ಎಂಥ ಬಿಸಿಲಿದ್ದರೂ ಸೂಟು, ಟೈ, ಗಂಜಿ ಹಾಕಿದ ಗಡುಸು ಕಾಲರ್, ತಲೆಗೆ ಹ್ಯಾಟು. ಕೈಯಲ್ಲಿ ಸುರುಳಿ ಸುತ್ತಿದ ಸ್ಕೋರ್ ಹಾಳೆ. ಅದನ್ನು ಎಡಕ್ಕೆ ಆಡಿಸಿದರೆ ಹೊರಮೈದಾನದ ಆಟಗಾರ ನಾಲ್ಕು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದ. ಆಟಗಾರರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಮಿಸ್ಟರ್ ಮ್ಯಾಕ್' ಎಂದೇ. ಅವರು ಗೆದ್ದ ಆಟಗಳು 3,731. ಅಷ್ಟು ಗೆದ್ದ ಮ್ಯಾನೇಜರ್ ಇನ್ನೊಬ್ಬರಿಲ್ಲ. ಸೋತವು 3,948. ಅಷ್ಟು ಸೋತವರೂ ಇನ್ನೊಬ್ಬರಿಲ್ಲ.

ಇಷ್ಟು ದೊಡ್ಡ ಸೋಲಿನ ರಾಶಿ ಎಲ್ಲಿಂದ ಬಂತು? ಈ ತಂಡದ ಜಾತಕದಲ್ಲಿರುವ ದೋಷ ಅಲ್ಲಿ ಸಿಗುತ್ತದೆ. 1910, 1911, 1913ರಲ್ಲಿ ಮ್ಯಾಕ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1914ರಲ್ಲಿ ಲೀಗ್ ಗೆದ್ದು, ಫೈನಲ್‌ನಲ್ಲಿ ಬಾಸ್ಟನ್ ಬ್ರೇವ್ಸ್‌ಗೆ ನಾಲ್ಕಕ್ಕೆ ನಾಲ್ಕೂ ಆಟ ಸೋತಿತು. ಆಗ ಫೆಡರಲ್ ಲೀಗ್ ಎಂಬ ಮೂರನೆಯ ಲೀಗ್ ಹುಟ್ಟಿಕೊಂಡು ಆಟಗಾರರಿಗೆ ದುಪ್ಪಟ್ಟು ಸಂಬಳದ ಆಸೆ ತೋರಿಸುತ್ತಿತ್ತು. ಮ್ಯಾಕ್ ಅವರ ಬಳಿ ಅಷ್ಟು ಹಣವಿರಲಿಲ್ಲ. ಬೇರೆ ಕಂಪನಿಯಿಂದ, ಬೇರೆ ವ್ಯಾಪಾರದಿಂದ ತಂದು ಸುರಿಯಲು ಅವರಿಗೆ ಬೇಸ್‌ಬಾಲ್ ಬಿಟ್ಟು ಇನ್ನೊಂದು ಕಸುಬೇ ಇರಲಿಲ್ಲ. ಇಬ್ಬರು ಹೆಸರಾಂತ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಫೆಡರಲ್ ಲೀಗ್ ಸೇರಿದರು. ಎಡ್ಡಿ ಕಾಲಿನ್ಸ್‌ನನ್ನು 50,000 ಡಾಲರ್‌ಗೆ ಮಾರಿದ್ದಾಯಿತು. 1915ರಲ್ಲಿ ತಂಡ 109 ಆಟ ಸೋತಿತು, 1916ರಲ್ಲಿ 117. ಸತತ ಏಳು ವರ್ಷ ಕಟ್ಟಕಡೆಯ ಸ್ಥಾನ.

ಮ್ಯಾಕ್ ಎದೆಗುಂದಲಿಲ್ಲ. ಹತ್ತು ವರ್ಷ ಹುಡುಕಿ ಹುಡುಕಿ ಮತ್ತೊಂದು ತಂಡ ಕಟ್ಟಿದರು. ಜಿಮ್ಮಿ ಫಾಕ್ಸ್, ಅಲ್ ಸಿಮನ್ಸ್, ಲೆಫ್ಟಿ ಗ್ರೋವ್, ಮಿಕ್ಕಿ ಕಾಕ್ರೇನ್. 1929ರ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಆಟದಲ್ಲಿ 8-0 ಹಿಂದಿದ್ದ ಈ ತಂಡ ಏಳನೆಯ ಇನಿಂಗ್ಸ್ ಒಂದರಲ್ಲೇ 10 ರನ್ ಬಾರಿಸಿ ಗೆದ್ದ ಕಥೆಯನ್ನು ಬೇಸ್‌ಬಾಲ್ ಮಂದಿ ಇನ್ನೂ ಹೇಳುತ್ತಾರೆ. 1930ರಲ್ಲೂ ಗೆದ್ದರು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಫಿಲಡೆಲ್ಫಿಯಾದ ಕಾರ್ಖಾನೆಗಳು ಬಾಗಿಲು ಹಾಕಿದವು, ಟಿಕೆಟ್ ಕೊಳ್ಳುವವರು ಇಲ್ಲವಾದರು. 1932ರಿಂದ 1935ರೊಳಗೆ ಈ ನಾಲ್ವರೂ ಒಬ್ಬೊಬ್ಬರಾಗಿ ಷಿಕಾಗೊ, ಬಾಸ್ಟನ್, ಡೆಟ್ರಾಯಿಟ್‌ಗಳಿಗೆ ಮಾರಾಟವಾದರು. ಬೆಳೆ ಕೈಗೆ ಬಂದ ಹೊತ್ತಿಗೆ ಸಾಲಗಾರ ಕಣದಲ್ಲೇ ಬಂದು ನಿಂತಂತೆ.

ಮ್ಯಾಕ್ ಆಟಗಾರರನ್ನು ಮಾರಿದ್ದನ್ನು ಕೆಲವರು ಜಿಪುಣತನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಬಳ ಕೊಡಲು ಮಾರಿದವನು ಬೇರೆ, ಲಾಭಕ್ಕೆ ಮಾರಿದವನು ಬೇರೆ. ಅವರು ನಿಜವಾಗಿ ಎಡವಿದ್ದು ಕೊನೆಯಲ್ಲಿ, ಬಿಡಬೇಕಾದ ಹೊತ್ತಿಗೆ ಬಿಡದೆ ಹೋದದ್ದರಲ್ಲಿ. ಶೈಬ್ ಮನೆತನದ ಹಿರಿಯರು ತೀರಿಕೊಂಡ ಮೇಲೆ 1937ರ ಹೊತ್ತಿಗೆ ಹೆಚ್ಚಿನ ಪಾಲು ಮ್ಯಾಕ್ ಅವರ ಕೈಗೆ ಬಂದಿತ್ತು. ಎಂಬತ್ತು ದಾಟಿದರೂ ಅವರೇ ಮ್ಯಾನೇಜರ್. ಕೊನೆಕೊನೆಗೆ, ಎಂದೋ ತಂಡ ಬಿಟ್ಟುಹೋದ ಆಟಗಾರರ ಹೆಸರು ಹಿಡಿದು ಬ್ಯಾಟಿಂಗ್‌ಗೆ ಕರೆಯುತ್ತಿದ್ದರಂತೆ; ಪಕ್ಕದಲ್ಲಿದ್ದ ಕೋಚ್‌ಗಳು ಸುಮ್ಮನೆ ಬೇರೆಯವರನ್ನು ಕಳುಹಿಸುತ್ತಿದ್ದರಂತೆ. ಇತ್ತ ಮನೆಯಲ್ಲಿ ದಾಯಾದಿ ಕಲಹ. ಮೊದಲ ಹೆಂಡತಿಯ ಮಕ್ಕಳು ರಾಯ್ ಮತ್ತು ಅರ್ಲ್ ಒಂದು ಕಡೆ, ಎರಡನೆಯ ಹೆಂಡತಿಯ ಮಗ ಕಾನಿ ಜೂನಿಯರ್ ಇನ್ನೊಂದು ಕಡೆ. 1950ರಲ್ಲಿ ರಾಯ್ ಮತ್ತು ಅರ್ಲ್ ಉಳಿದವರ ಪಾಲು ಕೊಳ್ಳಲು ಕ್ರೀಡಾಂಗಣವನ್ನೇ ಒಂದು ವಿಮಾ ಕಂಪನಿಗೆ ಅಡಮಾನ ಇಟ್ಟರು. ಆ ಸಾಲವೇ ತಂಡದ ಕುತ್ತಿಗೆಗೆ ಉರುಳಾಯಿತು. ಅದೇ ವರ್ಷ, 87ನೆಯ ವಯಸ್ಸಿನಲ್ಲಿ, ಮ್ಯಾಕ್ ಮ್ಯಾನೇಜರ್ ಸ್ಥಾನದಿಂದ ಇಳಿದರು. 1954ರಲ್ಲಿ ಇಡೀ ಋತುವಿಗೆ ಬಂದ ಪ್ರೇಕ್ಷಕರು ಸುಮಾರು 3 ಲಕ್ಷ. ಆ ನವೆಂಬರ್‌ನಲ್ಲಿ ತಂಡ ಮಾರಾಟವಾಯಿತು. ತಾವು ಕಟ್ಟಿದ ತಂಡ ಊರು ಬಿಟ್ಟದ್ದನ್ನು ಕಣ್ಣಾರೆ ಕಂಡು, 1956ರ ಫೆಬ್ರುವರಿಯಲ್ಲಿ ಮ್ಯಾಕ್ ತೀರಿಕೊಂಡರು. ಪಾಲುಪಟ್ಟಿಯ ಜಗಳದಲ್ಲಿ ತೋಟ ಹಾಳಾದ ಮನೆಗಳನ್ನು ನಮ್ಮಲ್ಲಿ ಯಾರು ನೋಡಿಲ್ಲ ಹೇಳಿ.

ಕೊಂಡವರು ಆರ್ನಲ್ಡ್ ಜಾನ್ಸನ್, ಷಿಕಾಗೊದ ಉದ್ಯಮಿ. ತಂಡವನ್ನು ಕಾನ್ಸಸ್ ಸಿಟಿಗೆ ಒಯ್ದರು. ಅವರ ಐದು ವರ್ಷದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಂಡ ಕೊಳ್ಳುವ ಮೊದಲು ನ್ಯೂಯಾರ್ಕ್‌ನ ಯಾಂಕೀ ಕ್ರೀಡಾಂಗಣ ಅವರದೇ ಆಗಿತ್ತು. ಕಾನ್ಸಸ್ ಸಿಟಿಯಲ್ಲಿ ಪಳಗಿದ ಒಳ್ಳೆಯ ಆಟಗಾರರೆಲ್ಲ ಒಬ್ಬರ ಹಿಂದೊಬ್ಬರು ಆ ಕ್ರೀಡಾಂಗಣದಲ್ಲಿ ಆಡುವ ಯಾಂಕೀಸ್ ತಂಡಕ್ಕೆ ಹೋದರು. 1959ರ ಡಿಸೆಂಬರ್‌ನಲ್ಲಿ ರಾಜರ್ ಮ್ಯಾರಿಸ್ ಕೂಡ. ಆ ಊರಿನ ಜನ ಹಸುವಿಗೆ ಮೇವು ಹಾಕಿದರು, ಹಾಲು ನ್ಯೂಯಾರ್ಕ್‌ಗೆ ಹೋಯಿತು. 1960ರ ಮಾರ್ಚ್‌ನಲ್ಲಿ ಜಾನ್ಸನ್ ಹಠಾತ್ತನೆ ತೀರಿಕೊಂಡರು. ವರ್ಷದ ಕೊನೆಗೆ ಅವರ ಆಸ್ತಿಯಿಂದ ತಂಡವನ್ನು ಕೊಂಡವರು ಚಾರ್ಲ್ಸ್ ಫಿನ್ಲಿ.

ಫಿನ್ಲಿ ಬಗ್ಗೆ ಒಂದು ಇಡೀ ಸಂಜೆ ಮಾತನಾಡಬಹುದು. ಅಲಬಾಮಾದಲ್ಲಿ ಹುಟ್ಟಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು, ಕ್ಷಯರೋಗದಿಂದ ಎರಡು ವರ್ಷದಷ್ಟು ಕಾಲ ಆಸ್ಪತ್ರೆಯಲ್ಲಿ ಮಲಗಿದವರು. ದುಡಿಮೆ ನಿಂತುಹೋದ ಮನೆಯ ಕಷ್ಟ ಮೈಮೇಲೆ ಬಂದಾಗ ಅವರಿಗೆ ಒಂದು ಯೋಚನೆ ಹೊಳೆಯಿತು: ಕಾಯಿಲೆ ಬಿದ್ದರೆ ವೈದ್ಯರ ಆದಾಯವೂ ನಿಲ್ಲುತ್ತದಲ್ಲ, ಅವರಿಗೇ ಗುಂಪು ವಿಮೆ ಮಾರಿದರೆ? ಅದರಿಂದಲೇ ಕೋಟ್ಯಧಿಪತಿಯಾದರು. ತಂಡ ಕೈಗೆ ಬಂದ ಕೂಡಲೇ ಒಂದು ಹಳೆಯ ಬಸ್ಸಿಗೆ ಬೆಂಕಿ ಹಚ್ಚಿ, ಇನ್ನು ನ್ಯೂಯಾರ್ಕ್‌ಗೆ ಆಟಗಾರರ ಸಾಗಾಟ ನಿಂತಿತು ಎಂದು ಸಾರಿದರು. ಆಟಗಾರರಿಗೆ ಹಸಿರು, ಹೊಂಬಣ್ಣದ ಬಟ್ಟೆ ತೊಡಿಸಿದರು. ಉಳಿದ ತಂಡಗಳೆಲ್ಲ ಬಿಳಿ, ಬೂದು ಬಣ್ಣಕ್ಕೆ ಅಂಟಿಕೊಂಡಿದ್ದ ಕಾಲ ಅದು. ಮೈದಾನಕ್ಕೆ ಒಂದು ಹೇಸರಗತ್ತೆ ತಂದು ಅದಕ್ಕೆ ತಮ್ಮದೇ ಹೆಸರಿಟ್ಟರು. 1964ರಲ್ಲಿ ಬೀಟಲ್ಸ್ ಬಳಗಕ್ಕೆ 1,50,000 ಡಾಲರ್ ಕೊಟ್ಟು ಕ್ರೀಡಾಂಗಣದಲ್ಲಿ ಹಾಡಿಸಿದರು. ಇಷ್ಟೆಲ್ಲ ಮಾಡುತ್ತಲೇ ಬೇರೆ ಊರಿನ ಹುಡುಕಾಟವನ್ನೂ ನಡೆಸಿದ್ದರು. 1968ಕ್ಕೆ ತಂಡ ಓಕ್‌ಲ್ಯಾಂಡ್‌ಗೆ ಹೊರಟಿತು. ಕಾನ್ಸಸ್ ಸಿಟಿ ಇರುವ ಮಿಸ್ಸೂರಿ ರಾಜ್ಯದ ಸೆನೆಟರ್ ಸ್ಟುವರ್ಟ್ ಸೈಮಿಂಗ್ಟನ್ ಸಿಟ್ಟಿನಿಂದ ನುಡಿದರು: ಹಿರೋಷಿಮಾದ ನಂತರ ಇಷ್ಟು ಅದೃಷ್ಟದ ಊರು ಓಕ್‌ಲ್ಯಾಂಡ್ ಒಂದೇ. ಹಿರೋಷಿಮಾವನ್ನು ಹೀಗೆ ಎಳೆದು ತರಬಾರದಿತ್ತು. ಆದರೆ ತಂಡ ಕಳೆದುಕೊಂಡ ಊರಿನ ಹೊಟ್ಟೆಯ ಕಿಚ್ಚು ಎಷ್ಟಿರುತ್ತದೆ ಎಂಬುದು ಆ ಮಾತಿನಿಂದ ಗೊತ್ತಾಗುತ್ತದೆ.

ಆಟಗಾರರನ್ನು ಗುರುತಿಸುವುದರಲ್ಲಿ ಮಾತ್ರ ಫಿನ್ಲಿಗೆ ಸಾಟಿಯಿರಲಿಲ್ಲ. ತಮ್ಮ ಜನರಲ್ ಮ್ಯಾನೇಜರ್ ತಾವೇ ಆಗಿ, ರೆಜಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್, ವೈಡಾ ಬ್ಲೂ, ರಾಲಿ ಫಿಂಗರ್ಸ್ ಮೊದಲಾದವರನ್ನು ಎಳೆ ವಯಸ್ಸಿನಲ್ಲೇ ಕೂಡಿಹಾಕಿದರು. 1972, 1973, 1974, ಸತತ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದ ತಂಡ ಅದು. ಆದರೆ ಗೆಲ್ಲಿಸಿದವರನ್ನು ಅವರು ನಡೆಸಿಕೊಂಡ ರೀತಿ ನೋಡಿ. 1973ರ ಫೈನಲ್‌ನ ಎರಡನೆಯ ಆಟದಲ್ಲಿ ಮೈಕ್ ಆಂಡ್ರೂಸ್ ಎಂಬ ಆಟಗಾರ ಎರಡು ಸಲ ಚೆಂಡು ತಡೆಯುವಲ್ಲಿ ತಪ್ಪಿದ. ಆಟ ಮುಗಿದದ್ದೇ ತಡ, ಭುಜಕ್ಕೆ ಪೆಟ್ಟಾಗಿದೆ ಎಂಬ ಸುಳ್ಳು ಹೇಳಿಕೆಗೆ ಅವನಿಂದ ಸಹಿ ಹಾಕಿಸಿಕೊಂಡು ಮನೆಗೆ ಕಳುಹಿಸಿದರು. ಸಹ ಆಟಗಾರರು ಅಭ್ಯಾಸಕ್ಕೆ ಬರುವಾಗ ಅಂಗಿಗೆ ಅವನ 17ನೆಯ ಸಂಖ್ಯೆಯನ್ನು ಟೇಪಿನಲ್ಲಿ ಅಂಟಿಸಿಕೊಂಡು ಬಂದರು. ಲೀಗ್‌ನ ಕಮಿಷನರ್ ಬೋವಿ ಕೂನ್ ಮಧ್ಯೆ ಬಂದು ಆಂಡ್ರೂಸ್‌ನನ್ನು ವಾಪಸ್ ಕರೆಸಿದರು. ಅವನು ನಾಲ್ಕನೆಯ ಆಟದಲ್ಲಿ ಬ್ಯಾಟು ಹಿಡಿದು ಬಂದಾಗ ಎದುರು ತಂಡದ ಊರಾದ ನ್ಯೂಯಾರ್ಕ್‌ನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೀರೀಸ್ ಗೆದ್ದ ಬೆನ್ನಿಗೇ ಮ್ಯಾನೇಜರ್ ಡಿಕ್ ವಿಲಿಯಮ್ಸ್ ರಾಜೀನಾಮೆ ಕೊಟ್ಟು ನಡೆದರು.

ಮುಂದಿನದು ಇನ್ನೂ ಮುಖ್ಯ. ಆಗ ಆಟಗಾರನ ಒಪ್ಪಂದ ಮುಗಿದರೂ ಅವನ ಮೇಲಿನ ಹಕ್ಕು ಹಳೆಯ ತಂಡದ್ದೇ. ಮಾಲೀಕ ಬಿಡದೆ ಅವನು ಬೇರೆಡೆ ಹೋಗುವಂತಿಲ್ಲ. ಕ್ಯಾಟ್‌ಫಿಶ್ ಹಂಟರ್‌ನ 1974ರ ಸಂಬಳ ಒಂದು ಲಕ್ಷ ಡಾಲರ್. ಅದರಲ್ಲಿ ಅರ್ಧವನ್ನು ಅವನ ಹೆಸರಿನಲ್ಲಿ ವಿಮಾ ಕಂಪನಿಗೆ ಕಟ್ಟುವುದೆಂದು ಕರಾರು. ವಿಮೆ ಮಾರಿಯೇ ಶ್ರೀಮಂತರಾದ ಫಿನ್ಲಿ ಆ ಹಣ ಕಟ್ಟಲಿಲ್ಲ. ಪಂಚಾಯಿತಿದಾರ ಪೀಟರ್ ಸೈಟ್ಜ್ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟರು: ಕರಾರು ಮುರಿದದ್ದು ಮಾಲೀಕ, ಹಂಟರ್ ಸ್ವತಂತ್ರ. ವರ್ಷದ ಕೊನೆಯ ದಿನ ಅವನು ಯಾಂಕೀಸ್ ಸೇರಿದ, ಐದು ವರ್ಷಕ್ಕೆ 30 ಲಕ್ಷ ಡಾಲರಿಗೂ ಹೆಚ್ಚಿನ ಒಪ್ಪಂದಕ್ಕೆ. ಮಾರುಕಟ್ಟೆಯಲ್ಲಿ ತಮ್ಮ ಬೆಲೆ ಎಷ್ಟೆಂದು ಎಲ್ಲ ಆಟಗಾರರಿಗೂ ಒಂದೇ ರಾತ್ರಿಯಲ್ಲಿ ಗೊತ್ತಾಯಿತು. ನಮ್ಮ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾಯ್ದೆ ಜಾರಿಗೆ ಬಂದ ವರ್ಷವೂ 1974. ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ನನಗೆ ಹಂಟರ್‌ನ ಕಥೆ ಓದುವಾಗ ಅದು ನೆನಪಾಗದೆ ಇರದು. ಮರುವರ್ಷ ಅದೇ ಸೈಟ್ಜ್ ಬೇರೊಂದು ದೂರಿನಲ್ಲಿ ಆ ಹಳೆಯ ಕಟ್ಟುಪಾಡನ್ನೇ ಕಿತ್ತುಹಾಕಿದರು.

ಆಟಗಾರರು ಬಿಟ್ಟುಹೋಗುವ ಮೊದಲೇ ಮಾರಿಬಿಡೋಣ ಎಂದು 1976ರ ಜೂನ್‌ನಲ್ಲಿ ಫಿನ್ಲಿ ಮೂವರನ್ನು ಒಟ್ಟು 35 ಲಕ್ಷ ಡಾಲರ್‌ಗೆ ಮಾರಲು ಹೋದರು. ಬೇಸ್‌ಬಾಲ್‌ನ ಹಿತಕ್ಕೆ ವಿರುದ್ಧವೆಂದು ಕೂನ್ ತಡೆದರು. ಅಲ್ಲಿಂದ ಆಚೆಗೆ ತಂಡ ಪಾಳುಮನೆಯಾಯಿತು. 1978ರಲ್ಲಿ ಈ ತಂಡದ ಆಟದ ವೀಕ್ಷಕ ವಿವರಣೆ ಬರ್ಕ್‌ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆಸುವ 10 ವಾಟ್‌ನ ರೇಡಿಯೊದಲ್ಲಿ ಬಂದದ್ದೂ ಉಂಟು. ಕ್ರೀಡಾಂಗಣದ ಹೊರಗೆ ಕುಣಿಯುತ್ತಿದ್ದ ಸ್ಟ್ಯಾನ್ಲಿ ಬರೆಲ್ ಎಂಬ ಹುಡುಗನನ್ನು ಫಿನ್ಲಿ ಹತ್ತಿರ ಕರೆದು, ಷಿಕಾಗೊದಲ್ಲಿ ಕೂತ ತಮಗೆ ಫೋನಿನಲ್ಲಿ ಆಟದ ವಿವರ ಹೇಳುವ ಕೆಲಸ ಕೊಟ್ಟರು. 'ಹ್ಯಾಮರ್' ಎಂಬ ಅಡ್ಡಹೆಸರಿದ್ದ ಬೇಸ್‌ಬಾಲ್ ತಾರೆ ಹ್ಯಾಂಕ್ ಆರನ್‌ನ ಹೋಲಿಕೆಯಿಂದ ಆಟಗಾರರು ಆ ಹುಡುಗನನ್ನೂ 'ಹ್ಯಾಮರ್' ಎಂದರು. ಮುಂದೆ ಜಗತ್ತಿಗೆಲ್ಲ ಗೊತ್ತಾದ ರ‍್ಯಾಪ್ ಹಾಡುಗಾರ ಎಂ.ಸಿ. ಹ್ಯಾಮರ್ ಅವರೇ. 1979ರ ಏಪ್ರಿಲ್ 17ರ ಆಟಕ್ಕೆ ಬಂದವರು 653 ಜನ. ಐವತ್ತು ಸಾವಿರ ಆಸನಗಳ ಕ್ರೀಡಾಂಗಣದಲ್ಲಿ 653! ಒಬ್ಬ ಆಟಗಾರನಿಗೆ ಇನ್ನೊಬ್ಬನ ಉಸಿರು ಕೇಳಿಸಿರಬೇಕು.

ಈಗ ನಾನು ಯಾರ ಬಗ್ಗೆ ಮಾತನಾಡಲೆಂದೇ ಬಂದೆನೋ ಅವರ ಕಡೆ ಬರುತ್ತೇನೆ. ವಾಲ್ಟರ್ ಹಾಸ್ ಜೂನಿಯರ್. ಲೀವೈಸ್ ಜೀನ್ಸ್ ತಯಾರಿಸುವ ಮನೆತನದವರು. ಫಿನ್ಲಿ ತಂಡವನ್ನು ಡೆನ್ವರ್‌ಗೆ ಮಾರಲು ಹೊರಟು, ಕ್ರೀಡಾಂಗಣದ ಗುತ್ತಿಗೆ ಅಡ್ಡ ಬಂದು, ಕೊನೆಗೆ 1980ರಲ್ಲಿ 1.27 ಕೋಟಿ ಡಾಲರ್‌ಗೆ ಹಾಸ್ ಅವರಿಗೆ ಕೊಟ್ಟರು. ಹಾಸ್ ಸ್ಯಾನ್ ಫ್ರಾನ್ಸಿಸ್ಕೊದವರು. ಕೊಲ್ಲಿಯ ಆಚೆ ದಡದ ಬಡ ಊರಿಗೆ ಏನಾದರೂ ಮಾಡಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ಮಗ ವಾಲಿ ಮತ್ತು ಅಳಿಯ ರಾಯ್ ಐಸೆನ್‌ಹಾರ್ಟ್ ಆಡಳಿತಕ್ಕೆ ಇಳಿದರು. ಅಳಿಯ ಕಾನೂನು ಪ್ರಾಧ್ಯಾಪಕ. ಆತ ಕರೆತಂದ ಸ್ಯಾಂಡಿ ಆಲ್ಡರ್ಸನ್ ಕೂಡ ವಕೀಲರೇ. 1983ರಲ್ಲಿ ಜನರಲ್ ಮ್ಯಾನೇಜರ್ ಆದರು. ಆಟಗಾರನ ಬೆಲೆಯನ್ನು ಅಂಕಿಅಂಶದಿಂದ ಅಳೆಯುವ ಪದ್ಧತಿ ಈ ತಂಡದಲ್ಲಿ ಬೇರುಬಿಟ್ಟದ್ದು ಅವರ ಕಾಲದಲ್ಲಿ. ಮ್ಯಾನೇಜರ್ ಆಗಿ ಮೊದಲು ಬಿಲ್ಲಿ ಮಾರ್ಟಿನ್ ಇದ್ದರು, 1986ರಲ್ಲಿ ಟೋನಿ ಲ ರೂಸಾ ಬಂದರು. ಓಕ್‌ಲ್ಯಾಂಡ್ ಟೆಕ್ನಿಕಲ್ ಹೈಸ್ಕೂಲಿನಲ್ಲಿ ಓದಿದ ರಿಕಿ ಹೆಂಡರ್ಸನ್ ಬೇಸ್ ಕದಿಯುವುದನ್ನು, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದನ್ನು, ನೋಡಲೆಂದೇ ಜನ ಬರತೊಡಗಿದರು. ಋತುವಿಗೆ 3 ಲಕ್ಷಕ್ಕೆ ಇಳಿದಿದ್ದ ಪ್ರೇಕ್ಷಕರ ಸಂಖ್ಯೆ 1990ರಲ್ಲಿ 29 ಲಕ್ಷ ಮುಟ್ಟಿತು. ಓಕ್‌ಲ್ಯಾಂಡ್‌ನಲ್ಲಿ ಜನವೇ ಬರುವುದಿಲ್ಲ ಎನ್ನುವವರಿಗೆ ನಾನು ಈ ಒಂದು ಅಂಕಿಯನ್ನೇ ಹೇಳುವುದು.

1989ರ ವರ್ಲ್ಡ್ ಸೀರೀಸ್ ಕೊಲ್ಲಿಯ ಎರಡು ದಡಗಳ ನಡುವೆ ನಡೆಯಿತು: ಓಕ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ. ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ, ಮೂರನೆಯ ಆಟ ಇನ್ನೇನು ಆರಂಭವಾಗಬೇಕು, ಭೂಮಿ ಕಂಪಿಸಿತು. ಓಕ್‌ಲ್ಯಾಂಡ್‌ನಲ್ಲಿ ಸೈಪ್ರಸ್ ಮೇಲ್ಸೇತುವೆ ಕುಸಿದು 42 ಜನ ಸತ್ತರು. ಹತ್ತು ದಿನದ ಮೇಲೆ ಆಟ ಮುಂದುವರಿಯಿತು. ನಾಲ್ಕಕ್ಕೆ ನಾಲ್ಕೂ ಗೆದ್ದ ಅಥ್ಲೆಟಿಕ್ಸ್, ಸತ್ತವರ ಗೌರವಕ್ಕಾಗಿ ಷಾಂಪೇನ್ ಚಿಮ್ಮಿಸಲಿಲ್ಲ.

ಹಾಸ್ ಈ ತಂಡದಿಂದ ದುಡ್ಡು ಮಾಡಲಿಲ್ಲ. ಕೈಯಿಂದ ಹಾಕಿದ್ದೇ ಹೆಚ್ಚು. 1991ರಲ್ಲಿ ಇಡೀ ಬೇಸ್‌ಬಾಲ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಡುತ್ತಿದ್ದ ತಂಡ ಓಕ್‌ಲ್ಯಾಂಡ್‌ನದು ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಮುಪ್ಪು, ಕಾಯಿಲೆ ಬಂದಾಗ ಹಾಸ್ ಮಾರಲು ನಿರ್ಧರಿಸಿದರು. ಹೆಚ್ಚು ಬೆಲೆ ಕೊಟ್ಟು ಬೇರೆ ಊರಿಗೆ ಒಯ್ಯುವವರಿಗೆ ಕೊಡಲಿಲ್ಲ. ಸ್ಥಳೀಯ ಕಟ್ಟಡ ಉದ್ಯಮಿಗಳಾದ ಸ್ಟೀವ್ ಶಾಟ್ ಮತ್ತು ಕೆನ್ ಹಾಫ್‌ಮನ್‌ಗೆ, ತಂಡ ಓಕ್‌ಲ್ಯಾಂಡ್‌ನಲ್ಲೇ ಉಳಿಯಲೆಂದು, ಮಾರುಕಟ್ಟೆಗಿಂತ ಕಡಿಮೆಗೆ, 8.5 ಕೋಟಿ ಡಾಲರ್‌ಗೆ ಒಪ್ಪಿಸಿದರು. 1995ರ ಸೆಪ್ಟೆಂಬರ್ 20ರಂದು ತೀರಿಕೊಂಡರು. ಮಾರಾಟದ ಕಾಗದಪತ್ರ ಪೂರ್ತಿಯಾದದ್ದು ಅದಾದ ಮೇಲೆ. ಮಗಳನ್ನು ಹತ್ತಿರದ ಊರಿಗೇ ಕೊಟ್ಟು ಕಣ್ಣು ಮುಚ್ಚಿದ ತಂದೆಯ ಹಾಗೆ ಹೋದರು ಎಂದು ನನಗೆ ಅನ್ನಿಸುತ್ತದೆ.

ಶಾಟ್ ಕಾಲದ ಕಥೆ ನಿಮಗೆಲ್ಲ ಗೊತ್ತು. ಸಂಬಳದ ಗಂಟು ಬಿಗಿಯಾಯಿತು. ಆಲ್ಡರ್ಸನ್ ಶಿಷ್ಯ ಬಿಲ್ಲಿ ಬೀನ್ ಕಡಿಮೆ ಹಣದಲ್ಲಿ, ಉಳಿದವರು ಕಡೆಗಣಿಸಿದ ಆಟಗಾರರಿಂದ ತಂಡ ಕಟ್ಟಿ 2002ರಲ್ಲಿ ಸತತ 20 ಆಟ ಗೆದ್ದರು. ಅದರ ಬಗ್ಗೆ ಪುಸ್ತಕ, ಸಿನಿಮಾ ಬಂದು ಲೋಕಪ್ರಸಿದ್ಧವಾಯಿತು. ಬೀನ್ ಜಾಣ್ಮೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಆ ಹೊಗಳಿಕೆಯಿಂದ ಒಂದು ಕೇಡೂ ಆಯಿತು. ಬಡತನದಲ್ಲೂ ಗೆಲ್ಲಬಹುದಾದರೆ ಹಣ ಏಕೆ ಹಾಕಬೇಕು ಎಂದು ಕೇಳಲು ಮಾಲೀಕರಿಗೆ ಒಂದು ನೆಪ ಸಿಕ್ಕಿತು.

2005ರಲ್ಲಿ ಲೂ ವುಲ್ಫ್ ಮತ್ತು ಜಾನ್ ಫಿಶರ್ ತಂಡವನ್ನು 18 ಕೋಟಿ ಡಾಲರ್‌ಗೆ ಕೊಂಡರು. ಫಿಶರ್ ಗ್ಯಾಪ್ ಬಟ್ಟೆ ಅಂಗಡಿಗಳ ಸ್ಥಾಪಕರ ಮಗ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗ್ಯಾಪ್‌ನ ಮೊದಲ ಅಂಗಡಿ ತೆರೆದಾಗ ಅಲ್ಲಿ ಮಾರಿದ್ದು ಲೀವೈಸ್ ಜೀನ್ಸ್. ಒಂದೇ ಊರು, ಒಂದೇ ಜೀನ್ಸ್ ವ್ಯಾಪಾರ, ಎರಡು ಮನೆತನ. ಒಂದು ಮನೆತನ ತಂಡವನ್ನು ಉಳಿಸಿಹೋಯಿತು, ಇನ್ನೊಂದು ಎತ್ತಿಕೊಂಡು ಹೋಯಿತು.

ಇಲ್ಲಿ ನಮ್ಮ ಫ್ರೀಮಾಂಟ್ ಬರುತ್ತದೆ. 2006ರ ನವೆಂಬರ್‌ನಲ್ಲಿ ಸಿಸ್ಕೊ ಕಂಪನಿಯ ಹೆಸರಿನಲ್ಲಿ ಇದೇ ಊರಿನ ದಕ್ಷಿಣ ಭಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತೇವೆ ಎಂದು ಪ್ರಕಟಿಸಿದರು. ಈ ಸಭೆಯಲ್ಲಿರುವ ಹಲವರಿಗೆ ಆ ಗದ್ದಲ ನೆನಪಿರಬಹುದು. ವಾಹನ ದಟ್ಟಣೆ, ಶಾಲೆ, ಮನೆಯ ಬೆಲೆ ಎಂದೆಲ್ಲ ನಿವಾಸಿಗಳು ವಿರೋಧಿಸಿದರು. ವಿರೋಧದ ಅರ್ಜಿಗೆ ನಾನೂ ಸಹಿ ಹಾಕಿದ್ದೆ. 2009ರ ಫೆಬ್ರುವರಿಯಲ್ಲಿ ಯೋಜನೆ ಕೈಬಿಟ್ಟರು. ಆ ಸಹಿಯ ಬಗ್ಗೆ ಇವತ್ತು ನನಗೆ ಹೆಮ್ಮೆಯಿಲ್ಲ.

ಆಮೇಲೆ ಸ್ಯಾನ್ ಹೋಸೆಗೆ ಹೋಗಲು ನೋಡಿದರು. ಅಲ್ಲಿ ಅಡ್ಡ ಬಂದದ್ದು ಯಾವುದು ಗೊತ್ತೇ? ಹಾಸ್ ಅವರ ಔದಾರ್ಯ. 1990ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ನೆಲೆಯಿಲ್ಲದೆ ಒದ್ದಾಡುತ್ತಿದ್ದಾಗ, ಸ್ಯಾನ್ ಹೋಸೆ ಇರುವ ಸ್ಯಾಂಟಾ ಕ್ಲಾರಾ ಜಿಲ್ಲೆಯಲ್ಲಿ ತಂಡ ನೆಲೆಗೊಳಿಸುವ ಹಕ್ಕನ್ನು ಹಾಸ್ ಬಿಡಿಗಾಸೂ ಪಡೆಯದೆ ಅವರಿಗೆ ಬಿಟ್ಟುಕೊಟ್ಟಿದ್ದರು. ಜೈಂಟ್ಸ್ ಅಲ್ಲಿಗೆ ಹೋಗಲಿಲ್ಲ; ಹಕ್ಕನ್ನು ಮಾತ್ರ ಹಿಂದಿರುಗಿಸಲೂ ಇಲ್ಲ. ಸ್ಯಾನ್ ಹೋಸೆ ನಗರವೇ ನ್ಯಾಯಾಲಯಕ್ಕೆ ಹೋಯಿತು. ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದು ಎಂಬ 1922ರ ಸುಪ್ರೀಂ ಕೋರ್ಟ್ ತೀರ್ಪು ಎದುರು ನಿಂತಿತು, 2015ರಲ್ಲಿ ಆ ದಾರಿಯೂ ಮುಚ್ಚಿತು. ಆ 1922ರ ತೀರ್ಪು ಹುಟ್ಟಿದ್ದು ಫೆಡರಲ್ ಲೀಗ್‌ನ ಜಗಳದಿಂದ. ಕಾನಿ ಮ್ಯಾಕ್ ಅವರ ತಂಡವನ್ನು ಚದುರಿಸಿದ ಅದೇ ಫೆಡರಲ್ ಲೀಗ್, ನೂರು ವರ್ಷದ ಮೇಲೂ ಈ ತಂಡದ ದಾರಿಗೆ ಅಡ್ಡ ಮಲಗಿತ್ತು.

2016ರಿಂದ ಫಿಶರ್ ಅವರೇ ಯಜಮಾನರು. ಬೇರು ಓಕ್‌ಲ್ಯಾಂಡ್‌ನಲ್ಲೇ ಎಂಬ ಘೋಷಣೆ ಹೊರಟಿತು. ಒಂದು ಕಾಲೇಜಿನ ಪಕ್ಕದ ಜಾಗ ಎಂದರು, ಆಗಲಿಲ್ಲ. ಬಂದರಿನ ಹವರ್ಡ್ ಟರ್ಮಿನಲ್ ಎಂದರು, ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕೊಲಿಸಿಯಂ ಹಾಳಾಗಿತ್ತು, ನಿಜ. 2013ರಲ್ಲಿ ಚರಂಡಿ ಉಕ್ಕಿ ಆಟಗಾರರ ಕೋಣೆಗೇ ನುಗ್ಗಿತ್ತು. ನಗರಸಭೆಯದೂ ನಿಧಾನವೇ. ಆದರೆ ಅದೇ ಹೊತ್ತಿನಲ್ಲಿ ಒಳ್ಳೆಯ ಆಟಗಾರರನ್ನೆಲ್ಲ ಕಳುಹಿಸಿ, ಟಿಕೆಟ್ ಬೆಲೆ ಏರಿಸಿ, ಜನ ಬರುತ್ತಿಲ್ಲ ಎಂದು ದೂರಿದ್ದು ಮಾತ್ರ ಯಾವ ನ್ಯಾಯ? 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ಗೆ ಹೊರಡುವುದಾಗಿ ಪ್ರಕಟಿಸಿದರು.

ಆ ಜೂನ್ 13ರ ರಾತ್ರಿ ನಾನು ಅಲ್ಲಿದ್ದೆ. ಬಹಿಷ್ಕಾರಕ್ಕೆ ಬದಲಾಗಿ ಎಲ್ಲರೂ ಬಂದು ತುಂಬಿಸೋಣ ಎಂದು ಅಭಿಮಾನಿಗಳು ಕರೆ ಕೊಟ್ಟಿದ್ದರು. 27,759 ಜನ ಬಂದರು. ಎಲ್ಲಿ ನೋಡಿದರೂ 'ಮಾರು' ಎಂಬ ಒಂದೇ ಪದ ಬರೆದ ಹಸಿರು ಅಂಗಿ. ಐದನೆಯ ಇನಿಂಗ್ಸ್ ಆರಂಭವಾದಾಗ ಇಡೀ ಕ್ರೀಡಾಂಗಣ ಬೇಕೆಂದೇ ಮೌನವಾಯಿತು. ಚೆಂಡು ಗ್ಲೌಸಿಗೆ ಬಿದ್ದ ಸದ್ದು ಮೇಲಿನ ಸಾಲಿನ ತನಕ ಕೇಳಿಸಿತು. ಮರುಗಳಿಗೆಗೆ ತಂಡವನ್ನು ಮಾರಿ ಎಂಬ ಕೂಗು ಎದ್ದು, ನನ್ನ ಕಾಲ ಕೆಳಗಿನ ಕಾಂಕ್ರೀಟು ನಡುಗಿತು. ಅದೇ ದಿನ, ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡುವ ಮಸೂದೆ ಒಪ್ಪಿತು. ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರು ಒಮ್ಮತದಿಂದ ಕೈಯೆತ್ತಿದರು. ಮೂವತ್ತರಲ್ಲಿ ಒಬ್ಬರಾದರೂ ಬೇಡ ಎನ್ನಬಾರದಿತ್ತೇ?

ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: ಊರೇ ತಂಡವನ್ನು ಕೊಳ್ಳಲು ಆಗುವುದಿಲ್ಲವೇ? ಮೇಜರ್ ಲೀಗ್‌ನಲ್ಲಿ ಉಳಿದ ಮಾಲೀಕರು ಒಪ್ಪುವುದಿಲ್ಲ. ಸ್ಯಾನ್ ಡಿಯಾಗೊದ ಪಾಡ್ರೆಸ್ ತಂಡದ ಒಡತಿ ಜೋನ್ ಕ್ರಾಕ್ ತಂಡವನ್ನು ತಮ್ಮ ಊರಿಗೇ ದಾನ ಕೊಡಲು ಮುಂದೆ ಬಂದಿದ್ದರು. ಅದಕ್ಕೆ ಅವಕಾಶ ಕೊಡಲಿಲ್ಲ. ಆದರೆ ಸಣ್ಣ ಲೀಗ್‌ಗಳಲ್ಲಿ ಆಗುತ್ತದೆ. 2024ರಲ್ಲಿ ಓಕ್‌ಲ್ಯಾಂಡ್ ಬಾಲರ್ಸ್ ಎಂಬ ಪುಟ್ಟ ತಂಡ ಪಯೋನಿಯರ್ ಲೀಗ್‌ನಲ್ಲಿ ಆಡಲು ಶುರುಮಾಡಿತು. ವೆಸ್ಟ್ ಓಕ್‌ಲ್ಯಾಂಡ್‌ನ ರೈಮಾಂಡಿ ಪಾರ್ಕನ್ನು ತಾನೇ ಹಣ ಹಾಕಿ ಸರಿಮಾಡಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಮಡಿದ ಓಕ್‌ಲ್ಯಾಂಡ್‌ನ ಆಟಗಾರ ಅರ್ನಿ ರೈಮಾಂಡಿಯ ಹೆಸರು ಆ ಮೈದಾನಕ್ಕಿದೆ. ತಂಡದ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೊಂಡರು. ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳಿಗೊಂದು ಸ್ಥಾನವಿದೆ. 2025ರಲ್ಲಿ, ಎರಡನೆಯ ವರ್ಷಕ್ಕೇ, ಲೀಗ್ ಗೆದ್ದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ನೀವು ಸ್ಯಾಕ್ರಮೆಂಟೊಗೆ ಹೋಗಿ ಅಥ್ಲೆಟಿಕ್ಸ್ ಆಟ ನೋಡುತ್ತೀರಾ? ಇಲ್ಲ, ಹೋಗಿಲ್ಲ. ಹಸಿರು ಟೋಪಿ ಇನ್ನೂ ಮನೆಯ ಮೊಳೆಗೆ ನೇತುಬಿದ್ದಿದೆ. ಕೊನೆಯ ದಿನ ಕೊಲಿಸಿಯಂನಲ್ಲಿ ಮೊದಲ ಚೆಂಡು ಎಸೆಯಲು ಬಂದ ರಿಕಿ ಹೆಂಡರ್ಸನ್ ಆ ಡಿಸೆಂಬರ್‌ನಲ್ಲೇ ತೀರಿಕೊಂಡರು. ಅಂದು ಸಂಜೆ ಟೋಪಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಹಾಕಿದೆ. ಶನಿವಾರಗಳಂದು ಈಗ ಮಗಳ ಜೊತೆ ರೈಮಾಂಡಿ ಪಾರ್ಕಿಗೆ ಹೋಗುತ್ತೇನೆ. ಕೂರಲು ಸಾದಾ ಬೆಂಚು. ಅಕ್ಕಪಕ್ಕ ಕೂತವರಲ್ಲಿ ಯಾರು ಪ್ರೇಕ್ಷಕರು, ಯಾರು ಪಾಲುದಾರರು ಎಂದು ನೋಡಿದರೆ ಗೊತ್ತಾಗುವುದಿಲ್ಲ.